ಹಳ್ಳದ ಕೋಲು

ಕೊರಟಗೆರೆಗೆ ಹೊರಟ ಖಾಸಗಿ ಬಸ್ಸು ಹಳ್ಳದ ಸೇತುವೆ ಬಳಿ ಪಂಚರ್ ಆಯಿತು. ಸ್ಟೆಪ್ನಿಯಲ್ಲೂ ಗಾಳಿ ಇರಲಿಲ್ಲ. ಕ್ಲೀನರ್ ಚಕ್ರ ಬಿಚ್ಚಿಕೊಂಡು ಪಂಚರ್ ಹಾಕಿಸಲು ಹೋದ. ಹಳ್ಳದ ದಂಡೆಯುದ್ದಕ್ಕೂ ಮೊಣಕಾಲೆತ್ತರದ ಹೊಂಗೆ ಗಿಡಗಳಿದ್ದವು, ಬೇಲಿ ಮಾತ್ರ ಇರಲಿಲ್ಲ. ಕೋಲು ಹಿಡಿದ ಹೆಂಗಸೊಬ್ಬರು ಕಾವಲಿಗೆ ಕೂತಿದ್ದರು.

"ಬೇಲಿ ಹಾಕಿಲ್ವೇನಮ್ಮ?" ಎಂದೆ.

"ಈ ಕೋಲೇ ಬೇಲಿ. ದಂಡೆ ಕುಸ್ದು ಹೊಲ ಎಲ್ಲಾ ಹಳ್ಳ ಸೇರ್ತಿದ್ವು, ಅದ್ಕೇ ಊರೋರು ಸೇರ್ಕೊಂಡು ಗಿಡ ನೆಟ್ವಿ. ದಿನಾ ಒಂದೊಂದು ಮನೆ ಸರದಿ. ಸಂಜೆ ಕೋಲು ಮುಂದಿನ ಮನೆ ಬಾಗ್ಲಿಗೆ ಒರಗಿಸ್ಬುಡೋದು. ಗಿಡಕ್ಕೆ ಬಾಯಾಕಿದ ದನನ ಬೇವಿನ ಮರಕ್ಕೆ ಕಟ್ತೀವಿ. ಕಟ್ಟಿದೋರು ಬಿಚ್ಚಂಗಿಲ್ಲ. ಕೋಲು ಯಾರಿಗೆ ಹೋಯ್ತದೋ ಅವ್ರೇ ಬಿಚ್ಬೇಕು."

ರಸ್ತೆ ಬದಿಯ ಬೇವಿನ ಮರದಡಿ ಒಂದು ಹಸು ನಿಂತಿತ್ತು. ಹಾಲು ಕರೆಯದೆ ಕೆಚ್ಚಲು ಬಿಗಿದಿತ್ತು.

"ಅದ್ಯಾರದು?"

"ನಮ್ದೇ ಕಣಪ್ಪ. ಹಗ್ಗ ಕಿತ್ಕೊಂಡು ಬಂದ್ಬುಡ್ತು. ನಾನೇ ಕಟ್ಟಿದ್ದು."

"ನಾಳೆ ಸರದಿ?"

"ನಮ್ಮ ವಾರಗಿತ್ತಿದು," ಎಂದು ಎದುರು ಮನೆ ತೋರಿಸಿದರು. "ಪಾಲಾದಾಗಿಂದ ಮಾತಿಲ್ಲ."

ಹೊತ್ತು ಮುಳುಗುವಾಗ ನಮ್ಮ ಚಕ್ರ ಇನ್ನೂ ಬಂದಿರಲಿಲ್ಲ. ಆಕೆ ಎದುರು ಮನೆಗೆ ಹೋಗಿ, ಯಾರನ್ನೂ ಕೂಗದೆ ಕೋಲನ್ನು ಬಾಗಿಲಿಗೆ ಒರಗಿಸಿ, ದೂರ ಸರಿದು ನಿಂತರು. ವಾರಗಿತ್ತಿ ಹೊರಗೆ ಬಂದರು. ಕೋಲು ನೋಡಿದರು, ಮರದ ಕಡೆ ನೋಡಿದರು. ನೇರ ಹೋಗಿ ಹಗ್ಗ ಬಿಚ್ಚಿ ತಂದು ಆಕೆಯ ಕೈಗೆ ಕೊಟ್ಟರು.

"ಕರ ಆಗ್ಲಿಂದ ಅರಚ್ತೈತೆ. ಬಿರ್ನೆ ಹೋಗು," ಎಂದರು, ಹಸುವಿಗೆ.