ಬಿಗಿದ ಮುಚ್ಚಳ

ಮಾದೇಶಣ್ಣ, ಅವತ್ತು ನಿಮಗೆ ಕೇಳಿಸಿದ್ದು ಸರಿಯಾಗಿಯೇ ಇತ್ತು. "ಮುಚ್ಳ ಬಿಗಿಯಾಗಿ ಆಕ್ಬುಡಿ ಅಣ್ಣ" ಅಂದವಳು ನಾನೇ. ಹಾಗೆ ಹೇಳಿಲ್ಲ ಎಂದದ್ದು ಸುಳ್ಳು.

ಸೇಲಂನ ಆ ಬಟ್ಟೆ ಕಾರ್ಖಾನೆಯಲ್ಲಿ ನಾನು ಲ್ಯಾಬ್ ನೋಡಿಕೊಳ್ಳುತ್ತಿದ್ದೆ. ಮಾರಂಡಹಳ್ಳಿಯಿಂದ ಬಂದಿದ್ದ ನೀವು ರಸಾಯನ ಬೆರೆಸುತ್ತಿದ್ದಿರಿ. ಅಲ್ಲಿ ಕನ್ನಡ ಬರುತ್ತಿದ್ದದ್ದು ನಮ್ಮಿಬ್ಬರಿಗೇ. ಬಟ್ಟೆಗೆ ನೀರು ಅಂಟದಂತೆ ಮಾಡುವ ಸಿಲಿಕೋನ್ ಎಣ್ಣೆಯ ಡ್ರಮ್ ಸೋರುತ್ತಿತ್ತು. ಉಳಿದ ಎಣ್ಣೆಯನ್ನು ಬೇರೆ ಕ್ಯಾನಿಗೆ ಸುರಿಯಲು ಹೇಳಿದೆ. ಆ ಕ್ಯಾನಿನಲ್ಲಿ ಮೊದಲು ಕಾಸ್ಟಿಕ್ ಸೋಡಾ ಇತ್ತು. ತಳದಲ್ಲಿ ಬಿಳಿ ಪಸೆ ಅಂಟಿಕೊಂಡಿದ್ದನ್ನು ನಾನು ನೋಡಿದೆ — ನೋಡಿಯೂ ತೊಳೆಸಲಿಲ್ಲ. ಆ ಎಣ್ಣೆಯಲ್ಲಿ ಸಿಲಿಕಾನ್ ಜೊತೆ ಹೈಡ್ರೋಜನ್ ಕೂಡಿಕೊಂಡಿರುತ್ತದೆ. ಸೋಡಾ ತಾಗಿದರೆ ಆ ಹೈಡ್ರೋಜನ್ ಬಿಡಿಸಿಕೊಂಡು ಅನಿಲವಾಗುತ್ತದೆ. ಮುಚ್ಚಿಟ್ಟರೆ ಒಳಗೇ ಒತ್ತಡ ಏರುತ್ತದೆ. ನಾನು ಓದಿದ್ದೇ ಇದನ್ನು. ಗೊತ್ತಿರಲಿಲ್ಲ ಎನ್ನಲಾರೆ. ಮಾಲೀಕರು ಸ್ಯಾಂಪಲ್ ಕೇಳುತ್ತಿದ್ದರು, ಅವಸರ... ಬೇಡ, ಆ ಮಾತು ಬೇಡ.

ಮರುದಿನ ಕ್ಯಾನ್ ಉಬ್ಬಿತ್ತು. ನೀವು ತೆರೆಯಲು ಹೋದಿರಿ. ಮುಚ್ಚಳ ಸಿಡಿದು ಎಡಗಣ್ಣಿಗೆ ಬಡಿಯಿತು. ಕಣ್ಣು ಹೋಯಿತು.

ಪಟ್ಟಿ ಕಟ್ಟಿಕೊಂಡೇ ಬಂದು, ಮೇಡಂ ಹೇಳಿದಂತೆಯೇ ಮುಚ್ಚಿದ್ದೆ ಎಂದು ಮಾಲೀಕರಿಗೆ ಹೇಳಿದಿರಿ. ಅವರು ನನ್ನ ಕಡೆ ತಿರುಗಿದರು.

"ಇಲ್ಲ ಸಾರ್, ನಾನ್ ಅಪ್ಪಡಿ ಸೊಲ್ಲಲೆ."

ನಾನು ಹಾಗೆ ಹೇಳಲಿಲ್ಲ ಎಂದು ತಮಿಳಿನಲ್ಲಿ ಅಂದೆ — ಅಷ್ಟೇ. ನಮ್ಮ ಮಾತು ತಿಳಿದ ಮೂರನೆಯವರು ಅಲ್ಲಿರಲಿಲ್ಲ. ಅದು ಗೊತ್ತಿದ್ದೇ ಹೇಳಿದೆ. ನೀವು ನನ್ನನ್ನೇ ನೋಡಿದಿರಿ. ಅಂದೇ ನಿಮ್ಮನ್ನು ಕೆಲಸದಿಂದ ತೆಗೆದರು. ನನ್ನನ್ನು — ಸ್ವಲ್ಪ ದಿನಕ್ಕೇ ಲ್ಯಾಬಿಗೆ ಮುಖ್ಯಸ್ಥೆ ಮಾಡಿದರು.

ಈಚೆಗೆ ಧರ್ಮಪುರಿ ಬಸ್‌ಸ್ಟ್ಯಾಂಡಿನಲ್ಲಿ ನಿಮ್ಮ ಹೆಂಡತಿ ಸಿಕ್ಕಿದ್ದರು. ಬೈಯುತ್ತಾರೆ ಅಂದುಕೊಂಡೆ. ಅವರು ಕೈ ಹಿಡಿದುಕೊಂಡು ಮಾತಾಡಿಸಿದರು.

"ನಾನೇ ತಪ್ಪಾಗಿ ಕೇಳ್ಸ್ಕೊಂಡಿರ್ಬೇಕು ಅಂತಾರಮ್ಮ. ಈಗ ಏನ್ ಏಳಿದ್ರೂ ಇನ್ನೊಂದ್ಸಲ ಕೇಳ್ತಾರೆ. ಗ್ಯಾಸ್ ಅಚ್ಚಾಕೂ ನನ್ನೇ ಕರೀತಾರೆ. ಅವ್ರ್ ಕೈ ಮೇಲೆ ಅವ್ರಿಗೇ ನಂಬಿಕೆ ಓಗ್ಬುಟ್ಟೈತೆ."

ಆಗಲಾದರೂ ಹೇಳಬಹುದಿತ್ತು. ಬಸ್ಸು ಬಂತು, ಹತ್ತಿಬಿಟ್ಟೆ. ಕಣ್ಣಿನ ಜೊತೆ ಆ ನಂಬಿಕೆಯನ್ನೂ ನಿಮ್ಮಿಂದ ಕಿತ್ತುಕೊಂಡಿದ್ದೇನೆಂದು — ಅದುವರೆಗೆ ನನಗೆ ಹೊಳೆದೇ ಇರಲಿಲ್ಲ.

ನಾಳೆ ಮಾಲೀಕರಿಗೆ ಹೇಳುತ್ತೇನೆ, ನಿಮ್ಮ ಜೊತೆ ಕೆಲಸ ಮಾಡಿದವರೆಲ್ಲರ ಎದುರಿಗೆ. ಆಮೇಲೆ ಮಾರಂಡಹಳ್ಳಿಗೆ ಬರುತ್ತೇನೆ. ಕ್ಷಮಿಸಿ ಎಂದು ಕೇಳುವುದಿಲ್ಲ. ಬೈದರೆ ಕೇಳಿಸಿಕೊಳ್ಳುತ್ತೇನೆ. ಏನೂ ಹೇಳದೆ ನೀವು ಒಳಗೆ ಹೋದರೆ, ಅಂಗಳದಲ್ಲೇ ನಿಂತಿರುತ್ತೇನೆ.