ಅತ್ತೆಯ ವ್ರತ, ಗಂಡನ ರಿಪೋರ್ಟು

ನನ್ನ ಗಂಡನಿಗೆ ತನ್ನ ಕೌಂಟಿನ ಬಗ್ಗೆ ಇದ್ದ ಜಂಬ ಸಂಬಳದ ಬಗ್ಗೆಯೂ ಇರಲಿಲ್ಲ. ವೀರ್ಯಾಣುಗಳ ಸಂಖ್ಯೆ, ಓಟ ಎರಡೂ ಚೆನ್ನಾಗಿವೆ ಎಂದು ಹಲಸೂರಿನ ಲ್ಯಾಬಿನವರು ಹೇಳಿದ ದಿನ ಮನೆಗೆ ಜಿಲೇಬಿ ತಂದಿದ್ದ. ಅಲ್ಲಿಗೆ ದೋಷವೆಲ್ಲ ನನ್ನದಾಯಿತು. ಐವಿಎಫ್ ಮಾಡಿಸಿದಾಗ ಎರಡು ಸಲ ನಿಂತ ಬಸಿರು ಎರಡು ಸಲವೂ ಹೋಯಿತು.

ಜೀವನ್ ಬಿಮಾ ನಗರದ ನಮ್ಮ ಮನೆಯಲ್ಲೇ ನಾದಿನಿಯ ಸೀಮಂತ, ಅತ್ತೆಯ ಮಾತಿನಲ್ಲಿ ಕುಬಸ, ಮಾಡಿದರು. ಅತ್ತೆ ಧಾರವಾಡದ ಕಡೆಯವರು. "ನೀ ಒಳಗ ಇರವಾ. ಉಡಿ ತುಂಬೂ ಹೊತ್ತಿನ್ಯಾಗ ಬಸುರಿ ಮುಂದ ಬರಬ್ಯಾಡ," ಎಂದರು. ನಾನು ಅಡುಗೆಮನೆಯಲ್ಲಿ ಹೋಳಿಗೆ ಬೇಯಿಸುತ್ತಾ ನಿಂತೆ. ಹೋಳಿಗೆಗೆ ಮಾತ್ರ ನನ್ನ ದೋಷ ತಟ್ಟಲಿಲ್ಲ, ಎಲ್ಲರೂ ಕೇಳಿ ಕೇಳಿ ಹಾಕಿಸಿಕೊಂಡರು.

ಮಗುವಿಗಾಗಿ ಅತ್ತೆ ಒಂದು ವ್ರತ ಹಿಡಿಸಿದ್ದರು. ಆಸ್ಪತ್ರೆಗೆ ವೀರ್ಯದ ಸ್ಯಾಂಪಲ್ ಕೊಡುವ ಮುಂಚೆ ಮಗ ಒಂದು ತಿಂಗಳು ಹಾಲ್‌ನಲ್ಲಿ ಚಾಪೆಯ ಮೇಲೆ ಮಲಗಬೇಕು, ನನ್ನ ಕೋಣೆಗೆ ಕಾಲಿಡಬಾರದು. "ಕೂಡಿಟ್ರ ಗಟ್ಟಿ ಆಗತೈತಿ," ಎನ್ನುತ್ತಿದ್ದರು. ಎಂಜಿನಿಯರಿಂಗ್ ಓದಿದ ಮಗ ತಲೆಯಾಡಿಸುತ್ತಿದ್ದ.

ಎರಡನೆಯ ಬಸಿರೂ ಹೋದ ಮೇಲೆ ಇಂದಿರಾನಗರದ ಹೊಸ ಡಾಕ್ಟರಮ್ಮ ಇನ್ನೊಂದು ಪರೀಕ್ಷೆ ಮಾಡಿಸಿದರು. ವೀರ್ಯಾಣುವಿನೊಳಗಿನ ಡಿಎನ್‌ಎ ಎಷ್ಟು ತುಂಡಾಗಿದೆ ಎಂದು ನೋಡುವ ಪರೀಕ್ಷೆ.

"ಕೌಂಟ್ ಚೆನ್ನಾಗಿದೆ ಸರ್, ಆದ್ರೆ ಒಳಗಡೆ ಡಿಎನ್‌ಎ ತುಂಬಾ ಡ್ಯಾಮೇಜ್ ಆಗಿದೆ. ಬಸಿರು ನಿಲ್ಲದೇ ಇರೋಕೆ ಇದೂ ಕಾರಣ ಇರ್ಬಹುದು. ಸ್ಯಾಂಪಲ್‌ಗೆ ಮುಂಚೆ ಎಷ್ಟು ದಿನ ಗ್ಯಾಪ್ ಕೊಟ್ಟಿದ್ರಿ?"

"ಒಂದು ತಿಂಗಳು," ಎಂದ, ಬಹುಮಾನ ಬರುತ್ತದೆ ಎಂದುಕೊಂಡವನ ಹಾಗೆ.

"ಅಯ್ಯೋ, ಯಾಕ್ ಸರ್? ಒಳಗೇ ಉಳಿದಷ್ಟೂ ಇನ್ನೂ ಹಾಳಾಗುತ್ತೆ. ಮುಂದಿನ ಸಲ ಒಂದೆರಡು ದಿನ ಸಾಕು." ಆಮೇಲೆ ನನ್ನ ಕಡೆ ತಿರುಗಿದರು. "ನಿಮ್ಮ ಎಗ್ಸ್ ಕಡಿಮೆ ಆಗ್ತಿವೆ. ಇನ್ನೊಂದೇ ಪ್ರಯತ್ನ ಅಂದ್ಕೊಳ್ಳಿ."

ಒಂದು ತಿಂಗಳ ಚಾಪೆ ನೆನಪಾಗಿ ನನಗೆ ನಗು ಬಂದುಬಿಟ್ಟಿತು. ಗಂಡನ ಮುಖ ಕಪ್ಪಿಟ್ಟಿತ್ತು, ಅದನ್ನು ನೋಡಿ ನನಗೆ ಸುಖವಾಯಿತು.

ಕಾರಿನಲ್ಲಿ, "ಅವ್ವಗ ಇದನ್ನೆಲ್ಲಾ ಹೇಳಬ್ಯಾಡ," ಎಂದ.

"ಏನೂ ಹೇಳ್ಬೇಡಿ ರೀ. ಈ ಸಲ ವ್ರತ ಬೇಡ ಅನ್ನಿ, ಸಾಕು."

"ಯಾಕ ಬ್ಯಾಡ ಅಂತ ಕೇಳ್ತಾಳಲ್ಲ?"

ಮನೆಗೆ ಬಂದರೆ ಅತ್ತೆ ಆಗಲೇ ಚಾಪೆ ಝಾಡಿಸುತ್ತಿದ್ದರು. ನನಗೆ ತಡೆಯಲಾಗಲಿಲ್ಲ. "ಅತ್ತೆ, ತೊಂದರೆ ಇರೋದು ಇವರಲ್ಲಿ. ದೂರ ಮಲಗಿದ್ರೆ ಇನ್ನೂ ಹೆಚ್ಚಾಗುತ್ತಂತೆ. ಡಾಕ್ಟರೇ ಹೇಳಿದ್ರು," ಎಂದೆ.

ಅತ್ತೆ ಮಗನ ಮುಖ ನೋಡಿದರು. "ಹೌದೇನೋ?"

ನನ್ನ ಜೀವವೆಲ್ಲ ಆತನ ಬಾಯಿಯಲ್ಲಿತ್ತು. ಆತ ಶೂ ಬಿಚ್ಚಿದ, ಸಾಕ್ಸ್ ಮಡಚಿ ಅದರೊಳಗೆ ತುರುಕಿದ.

"ಇಲ್ಲವ್ವಾ. ಅಕಿದ ಏನೋ ಪ್ರಾಬ್ಲಮ್ ಐತಂತ."

"ನಂಗೊತ್ತಿತ್ತು. ಈ ಸಲ ಎರಡು ತಿಂಗಳು ಮಾಡೂಣು," ಎಂದರು ಅತ್ತೆ.

ಆತ ನಮ್ಮ ಕೋಣೆಗೆ ಹೋಗಿ ತನ್ನ ದಿಂಬನ್ನು ತಂದು ಚಾಪೆಯ ಮೇಲೆ ಹಾಕಿದ.