ಕನ್ನಡಕ ನಿಲ್ಲದ ಮೂಗು

ಚಂದಕ್ಕಾಗಿ ಬರುವವರನ್ನು ನಾನು ಮೊದಲು ಕೇಳುವುದು ಒಂದೇ ಮಾತು: ಇದು ಯಾರಿಗೆ ಬೇಕಾಗಿದೆ? ನಾನು ಪ್ಲಾಸ್ಟಿಕ್ ಸರ್ಜನ್. ಕೆಲಸ ಹಾಸನದಲ್ಲಿ, ತಿಂಗಳಿಗೊಂದು ಭಾನುವಾರ ಸಕಲೇಶಪುರದಲ್ಲಿ ರೋಗಿಗಳನ್ನು ನೋಡುತ್ತೇನೆ. ಮೂಗು ಸಣ್ಣದಾಗಲಿ, ಕೆನ್ನೆಯ ಕಲೆ ಹೋಗಲಿ ಎಂದು ಬಂದವರ ಜತೆಗಾರರನ್ನು ಹೊರಗೆ ಕೂರಿಸಿ ಹೀಗೆ ಕೇಳುತ್ತೇನೆ. ಗಂಡನಿಗೆ, ಅತ್ತೆಗೆ ಎಂಬ ಉತ್ತರ ಬಂದರೆ ಒಂದು ತಿಂಗಳು ಯೋಚಿಸಿ ಬನ್ನಿ ಎನ್ನುತ್ತೇನೆ. ಹಲವರು ಮತ್ತೆ ಬರುವುದಿಲ್ಲ.

ಅಪಘಾತದಲ್ಲಿ ಮುಖ ಒಡೆದುಕೊಂಡು ಬಂದವರಿಗೆ ಮಾತ್ರ ಈ ಪ್ರಶ್ನೆ ಹಾಕುತ್ತಿರಲಿಲ್ಲ. ಒಡೆದದ್ದನ್ನು ಸರಿಪಡಿಸಲು ಕಾರಣ ಕೇಳಬೇಕೆ ಎಂದುಕೊಂಡಿದ್ದೆ.

ಯಸಳೂರು ಕಡೆಯ ಕಾಫಿ ಎಸ್ಟೇಟೊಂದರ ರೈಟರ್ ನನ್ನಲ್ಲಿಗೆ ಬಂದದ್ದು ಹಾಗೆ. ಬೆಳಗ್ಗೆ ಆಳುಗಳ ಹಾಜರಿ ಬರೆದುಕೊಂಡು ಕೆಲಸ ಹಂಚುವುದು ರೈಟರ್ ಜವಾಬ್ದಾರಿ. ಐವತ್ತು ದಾಟಿದ ಮನುಷ್ಯ. ತಿರುವಿನಲ್ಲಿ ಜೀಪು ಮಗುಚಿ, ಗಾಜು ತಗುಲಿ ಎರಡು ಕಣ್ಣಿನ ನಡುವಿನ ಮೂಗಿನ ಏಣು ಚರ್ಮದ ಸಮೇತ ಹೋಗಿತ್ತು.

ಪಕ್ಕೆಲುಬಿನ ಮೆದುಮೂಳೆಯಿಂದ ಏಣು ಕಟ್ಟಿ, ಹಣೆಯ ಚರ್ಮವನ್ನು ಇಳಿಸಿ ಹೊದಿಸಿದೆ. ಹೊಸ ಜಾಗದಲ್ಲಿ ರಕ್ತ ಓಡಲು ಶುರುವಾಗುವವರೆಗೆ, ಮೂರು ವಾರ, ಆ ಚರ್ಮ ಹಣೆಗೂ ಮೂಗಿಗೂ ಸೇತುವೆಯಂತೆ ಜೋತಾಡುತ್ತಿರಬೇಕು. ಡ್ರೆಸ್ಸಿಂಗ್ ಬಿಚ್ಚಿದಾಗ ಅವರ ಹೆಂಡತಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು, “ಹಿಂಗೇ ಊರಿಗ್ ಬಂದ್ರೆ ಆನೆ ಬಂತು ಅಂತ ಫಾರೆಸ್ಟ್‌ನೋರಿಗೆ ಫೋನ್ ಮಾಡ್ಬುಡ್ತಾರೆ” ಎಂದರು. ರೈಟರ್ ನಕ್ಕು, ಹೊಲಿಗೆ ಎಳೆದು ನೋವು ಮಾಡಿಕೊಂಡರು.

ಗಾಯ ಮಾಗಿದ ಮೇಲೆ ಮೂಗು ನಾನು ಎಣಿಸಿದ್ದಕ್ಕಿಂತ ಚೆನ್ನಾಗಿತ್ತು. ಸಪೂರವಾದ, ನೇರವಾದ ಏಣು. ಬೆಂಗಳೂರಿನ ಸಭೆಯೊಂದರಲ್ಲಿ ಫೋಟೋ ತೋರಿಸಿದಾಗ ಹಿರಿಯ ಸರ್ಜನ್ ಒಬ್ಬರು ಪಕ್ಕದ ನೋಟವನ್ನು ಮತ್ತೊಮ್ಮೆ ಹಾಕಿಸಿಕೊಂಡು ನೋಡಿದರು. ನನಗೆ ಹೆಮ್ಮೆಯಾಯಿತು.

ಮಳೆಗಾಲ ಕಳೆಯುವ ಹೊತ್ತಿಗೆ ಗಂಡ ಹೆಂಡತಿ ಸಕಲೇಶಪುರಕ್ಕೆ ಬಂದರು. ಹೇಗಿದೆ ಎಂದು ಕೇಳಿದೆ.

“ಮೂಗು ಬಾಳ ಚೆನ್ನಾಗೈತೆ ಡಾಕ್ಟ್ರಮ್ಮ. ಕನ್ನಡ್ಕ ಮಾತ್ರ ನಿಲ್ಲಾಕಿಲ್ಲ.”

ಜೇಬಿನಿಂದ ದಪ್ಪ ಗಾಜಿನ ಕನ್ನಡಕ ತೆಗೆದು ಹಾಕಿಕೊಂಡರು. ನನ್ನ ಮೇಜಿನ ಕಾಗದ ಓದಲು ಬಗ್ಗಿದರು. ಅದು ಜಾರಿ ತುಟಿಯ ಮೇಲೆ ಬಂದು ಕೂತಿತು.

“ಮದ್ವೆ ಗಂಡಿನ್ ಮೂಗು ಕೊಟ್ಬುಟ್ರಿ,” ಎಂದರು ಹೆಂಡತಿ. “ಇವ್ರಿಗೆ ಬೇಕಾಗಿದ್ದು ರೈಟ್ರು ಮೂಗು ಕಣಮ್ಮ.”

“ಮೊದಲೇ ಹೇಳಬಾರದಿತ್ತೆ?” ಎಂದೆ.

“ಬಂದಾಗ್ಲೆಲ್ಲ ಕನ್ನಡ್ಕ ಬ್ಯಾಡ ಅಂತ ನೀವೇ ಅಂತಿದ್ರಲ್ಲ. ಮೂಗಿನ್ ಡಾಕ್ಟ್ರಿಗೆ ಅದು ಬ್ಯಾಡದ್ ಸಾಮಾನು ಅಂದ್ಕಂಡೆ,” ಎಂದರು ರೈಟರ್.

ನಿಜ. ನಮ್ಮ ಕಸುಬಿನಲ್ಲಿ ಫೋಟೋಕ್ಕೆ ಕೂತವರ ಒಡವೆ, ಬೊಟ್ಟು, ಕನ್ನಡಕ ತೆಗೆಸುವುದು ನಿಯಮ. ಹೊಸ ಚರ್ಮದ ಮೇಲೆ ಭಾರ ಬೀಳದಿರಲೆಂದು ತಿಂಗಳುಗಟ್ಟಲೆ ಕನ್ನಡಕ ಹಾಕಬೇಡಿ ಎಂದವಳೂ ನಾನೇ. ಹೊಸ ಮೂಗಿನ ಮೇಲೆ ಅವರು ಕನ್ನಡಕ ಹಾಕಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಎಲಾಸ್ಟಿಕ್ ಕಟ್ಟಿ ನೋಡಿದ್ದರು. ಬಿಗಿಯಾದರೆ ಚರ್ಮ ಕೆಂಪಾಗುತ್ತಿತ್ತು. ಲೆನ್ಸ್ ಹಾಕಿಕೊಳ್ಳಿ ಎಂದದ್ದಕ್ಕೆ, ಕಣ್ಣೊಳಗೆ ಬೆರಳಿಡುವುದು ತಮ್ಮಿಂದಾಗದು ಎಂದರು. ಹಾಜರಿ ಬರೆಯುವಾಗ ಒಂದು ಕೈಯಲ್ಲಿ ಕನ್ನಡಕ, ಇನ್ನೊಂದರಲ್ಲಿ ಪೆನ್ನು. ಪುಸ್ತಕ ಹಿಡಿಯಲು ಕೈ ಇಲ್ಲ. ಬಂದವಳಿಗೆ ಗೈರು, ಬಾರದವಳಿಗೆ ಹಾಜರಿ ಬಿದ್ದು ಜಗಳವಾಗಿತ್ತು. ಹಣ್ಣು ಕುಯ್ಯುವ ಹೊತ್ತಿಗೆ ಸರಿಹೋಗದಿದ್ದರೆ ಬೇರೆಯವರನ್ನು ಇಟ್ಟುಕೊಳ್ಳುತ್ತೇನೆ ಎಂದು ಮಾಲೀಕರು ಹೇಳಿಯಾಗಿತ್ತು. ಕೆಲಸ ಹೋದರೆ ಎಸ್ಟೇಟಿನವರು ಕೊಟ್ಟ ಸ್ಟೋರ್ ಪಕ್ಕದ ಮನೆಯೂ ಹೋಗುತ್ತಿತ್ತು.

ಮಾಡುವುದು ಕಷ್ಟವೇನಲ್ಲ. ಉಳಿದ ಮೆದುಮೂಳೆಯ ಚೂರನ್ನು ಬೇಕಾದೀತೆಂದು ಅವರದೇ ಎದೆಯ ಚರ್ಮದಡಿ ಇಟ್ಟಿದ್ದೆ. ಆದರೆ ಅದನ್ನು ಸೇರಿಸಿದರೆ ಏಣು ಅಗಲವಾಗಿ ಉಬ್ಬುತ್ತಿತ್ತು. “ಪಕ್ಕದಿಂದ ನೋಡಿದರೆ ಗೂನು ಕಾಣುತ್ತದೆ,” ಎಂದೆ.

“ಪಕ್ಕದಿಂದ ನೋಡೋರು ಯಾರವ್ರೆ? ಹಾಜ್ರಿ ಕೊಡೋರು ಎದ್ರಿಗೆ ನಿಂತ್ಕತಾರೆ,” ಎಂದರು ರೈಟರ್.

ಆದರೂ ಯೋಚಿಸಿ ಹೇಳುತ್ತೇನೆ ಎಂದು ಕಳಿಸಿದೆ. ಹಾಸನಕ್ಕೆ ಹಿಂತಿರುಗುವಾಗ ದಾರಿಯುದ್ದಕ್ಕೂ ಸೋಂಕು, ಅರಿವಳಿಕೆ ಎಂದು ಬೇಡವೆನ್ನಲು ಕಾರಣ ಹುಡುಕುತ್ತಿದ್ದೆ. ಒಂದೂ ಗಟ್ಟಿಯಾಗಿರಲಿಲ್ಲ. ಆ ಸಪೂರ ಏಣು ಬೇಕಾಗಿದ್ದದ್ದು ನನಗೆ. ಇಪ್ಪತ್ತು ವರ್ಷ ರೋಗಿಗಳ ಆಸೆ ಅವರದೋ ಪರರದೋ ಎಂದು ಸೋಸಿದವಳು, ನನ್ನ ಆಸೆಯನ್ನು ಇನ್ನೊಬ್ಬರ ಮುಖದ ಮೇಲೆ ಕೂರಿಸಿದ್ದೆ. ಆಲೂರು ದಾಟುವಾಗ ಕಾರು ನಿಲ್ಲಿಸಿ ಅವರಿಗೆ ಫೋನ್ ಮಾಡಿದೆ.

ಎರಡನೆಯ ಶಸ್ತ್ರಚಿಕಿತ್ಸೆಗೆ ಅವರ ಕನ್ನಡಕವನ್ನು ದ್ರಾವಣದಲ್ಲಿ ಶುದ್ಧಿಮಾಡಿ ಟೇಬಲ್ಲಿಗೆ ತರಿಸಿದೆ. ಮೆದುಮೂಳೆ ಕೆತ್ತುವುದು, ಇಡುವುದು, ಕನ್ನಡಕ ಕೂರಿಸಿ ನೋಡುವುದು, ಮತ್ತೆ ಕೆತ್ತುವುದು. ಆ ಜಾಗವನ್ನಷ್ಟೇ ಮರಗಟ್ಟಿಸಿದ್ದರಿಂದ ಅವರಿಗೆ ಎಚ್ಚರವಿತ್ತು. ನಾಲ್ಕನೆಯ ಸಲ, “ಬುಡಿ ಡಾಕ್ಟ್ರಮ್ಮ, ಕೂತ್ಕತು” ಎಂದು ಅವರೇ ಹೇಳಿದರು.

ಈ ಸಲ ಬರಿಯ ಚೂರು ಸೇರಿಸಿದ್ದರಿಂದ ಬೇಗ ಮಾಗಿತು. ಹಣ್ಣಿನ ಕಾಲದಲ್ಲಿ ಒಂದು ಬೆಳಗ್ಗೆ ಅವರನ್ನು ನೋಡಲು ಎಸ್ಟೇಟಿಗೇ ಹೋದೆ. ಸ್ಟೋರ್ ಮುಂದೆ ಹಾಜರಿ ನಡೆದಿತ್ತು. ಎಡಗೈಯಲ್ಲಿ ಪುಸ್ತಕ ಹಿಡಿದು, ತಲೆ ಪೂರಾ ಬಗ್ಗಿಸಿ ಬರೆಯುತ್ತಿದ್ದರು. ಪಕ್ಕದಿಂದ ಮೂಗಿನ ಗೂನು ಚೆನ್ನಾಗಿಯೇ ಕಾಣುತ್ತಿತ್ತು. ಹಿಂದಿನ ಸಾಲಿಗೆ ತಡವಾಗಿ ಬಂದು ನುಸುಳಿದ ಹೆಂಗಸೊಬ್ಬಳನ್ನು ಅವರು ತಲೆಯೆತ್ತಿ ಹಿಡಿದರು.

“ಅಯ್ಯೋ ರೈಟ್ರೇ, ಆ ಕನ್ನಡ್ಕ ಜಾರೋ ಮೂಗೇ ವಾಸಿ ಇತ್ತು ಕಣ್ರೀ,” ಎಂದಳು ಅವಳು.

ರೈಟರ್ ಬರೆದುಕೊಂಡು ಮುಂದಿನ ಹೆಸರು ಕೂಗಿದರು.